ಅಕ್ಕಪಕ್ಕದ ಮನೆಯವರ ನಾಯಿಗಳನ್ನು ದುಡ್ಡು ತಗೊಳ್ಳದೆ ವಾಕಿಂಗ್ ಕರೆದುಕೊಂಡು ಹೋಗಬಹುದಾ? ಹೇಗೆ ಶುರು ಮಾಡಲಿ?

ನೀವು ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೀರಿ. ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಓನರ್ ಬಿಡುವುದಿಲ್ಲ. ಹಾಗಾಗಿ ನಿಮ್ಮ ಬೀದಿಯವರ ನಾಯಿಗಳನ್ನು ಉಚಿತವಾಗಿ ವಾಕಿಂಗ್ ಕರೆದುಕೊಂಡು ಹೋಗಬೇಕು ಅಂತಿದ್ದೀರಿ, ಜನ ಅನುಮಾನ ಪಡುತ್ತಾರಾ ಅಂತ ಕೇಳಿದ್ದೀರಿ. ನಾನು ಮಲ್ಲೇಶ್ವರದಲ್ಲಿ ಆಫೀಸಿಗೆ ಹೋಗುವ ಮುಂಚೆ ಇದೇ ಕೆಲಸ ಮಾಡುತ್ತೇನೆ. ಖಂಡಿತ ಮಾಡಿ. ಆದರೆ ಕೇಳಿದವರ ನಾಯಿಯನ್ನೆಲ್ಲ ಒಪ್ಪಿಕೊಳ್ಳಬೇಡಿ. ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಲು ನಿಜವಾಗಿಯೂ ಆಗದವರ ಮನೆ ಹುಡುಕಿ.

ಅಂಥ ಮನೆ ಪ್ರತಿ ಬೀದಿಯಲ್ಲೂ ಇರುತ್ತದೆ. ಮಗನೋ ಮಗಳೋ ಆಸೆಪಟ್ಟು ಲ್ಯಾಬ್ರಡಾರ್ ನಾಯಿಮರಿ ತಂದಿರುತ್ತಾರೆ. ಆಮೇಲೆ ಕೆಲಸ ಅಂತ ಅಮೆರಿಕಕ್ಕೋ ಪುಣೆಗೋ ಹೋಗುತ್ತಾರೆ, ನಾಯಿ ಅಪ್ಪ ಅಮ್ಮನ ಹತ್ತಿರ ಉಳಿಯುತ್ತದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿ ಆಪರೇಷನ್ ಆಗಿದೆ. ಮೂವತ್ತು ಕೆಜಿಯ ನಾಯಿ ಒಂದು ಸಲ ಜಗ್ಗಿದರೆ ಅವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಹಾಗಾಗಿ ನಾಯಿಗೆ ಟೆರೇಸೇ ಗತಿ. ಮಕ್ಕಳ ನಾಯಿ ಅಂತ ಬೇರೆಯವರಿಗೆ ಕೊಡಲೂ ಮನಸ್ಸು ಬರುವುದಿಲ್ಲ, ಯಾರನ್ನಾದರೂ ಕೇಳಲು ಸಂಕೋಚ. ಆಪರೇಷನ್ ಆದವರು, ಹೊಸ ಬಾಣಂತಿ ಇರುವ ಮನೆ, ಆಸ್ಪತ್ರೆಗೆ ಓಡಾಡುತ್ತಿರುವ ಮನೆ, ಇವೂ ಹಾಗೇ. ಬ್ರಿಟನ್ನಿನಲ್ಲಿ ಸಿನಮನ್ ಟ್ರಸ್ಟ್ ಅಂತ ಒಂದು ಸಂಸ್ಥೆ 1985ರಿಂದ ಇಂಥವರಿಗಾಗಿಯೇ ಇದೆ. ವಯಸ್ಸಾದವರ, ಗುಣವಾಗದ ಕಾಯಿಲೆ ಇರುವವರ ನಾಯಿಗಳನ್ನು ಅದರ ಸ್ವಯಂಸೇವಕರು ಬಿಟ್ಟಿಯಾಗಿ ಓಡಾಡಿಸುತ್ತಾರೆ. ನಮ್ಮಲ್ಲಿ ಒಂದು ಬೀದಿಯ ಮಟ್ಟಿಗೆ ಅದನ್ನು ಒಬ್ಬರೇ ಮಾಡಬಹುದು.

ನಾನು ಕರೆದುಕೊಂಡು ಹೋಗುವ ಬ್ರೂನೋ ಅಂಥ ಮನೆಯವನೇ. ಮೊದಮೊದಲು ಅವನು ನಡೆಯುತ್ತಲೇ ಇರಲಿಲ್ಲ. ಗೇಟು ದಾಟಿದ ಕೂಡಲೇ ಕರೆಂಟ್ ಕಂಬದ ಹತ್ತಿರ ನಿಂತುಬಿಡುತ್ತಿದ್ದ. ಕಂಬದ ಬುಡ, ಚರಂಡಿ ಮೇಲಿನ ಚಪ್ಪಡಿ ಕಲ್ಲು, ಕಲ್ಲಿನ ಸಂದಿಯ ಹುಲ್ಲು, ಒಂದೊಂದನ್ನೂ ಮೂಗು ಒತ್ತಿ ಮೂಸುವುದು, ಮುಂದೆ ಹೋದವನು ತಿರುಗಿ ಬಂದು ಅದೇ ಹುಲ್ಲನ್ನು ಇನ್ನೊಮ್ಮೆ ಮೂಸುವುದು. ಅವನನ್ನು ಎಳೆಯಬೇಡಿ ಅಂತ ವೆಟ್ ಡಾಕ್ಟರ್ ಹೇಳಿದರು. ವರ್ಷಗಟ್ಟಲೆ ಟೆರೇಸಿನಲ್ಲಿ ಇದ್ದ ನಾಯಿಗೆ ಮೂಸುವುದೇ ವಾಕಿಂಗ್. ಎಷ್ಟು ದೂರ ಹೋದಿರಿ ಅನ್ನುವುದು ಮುಖ್ಯವಲ್ಲ. ಅರ್ಧ ಗಂಟೆಯಲ್ಲಿ ಎರಡು ಕ್ರಾಸ್ ಅಷ್ಟೇ ದಾಟಿದರೂ ನಾಯಿ ಸುಸ್ತಾಗಿ, ಖುಷಿಯಾಗಿ ಮನೆಗೆ ಬರುತ್ತದೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಈಗಾಗಲೇ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಂಡಿರುವ ಮನೆಗೆ ಉಚಿತವಾಗಿ ಹೋಗಬೇಡಿ. ಬೆಂಗಳೂರಿನಲ್ಲಿ ನಾಯಿ ಓಡಾಡಿಸಿಯೇ ಸಂಸಾರ ನಡೆಸುವ ಹುಡುಗರಿದ್ದಾರೆ, ವಾಚ್‌ಮನ್ ಕೆಲಸದ ಜೊತೆ ಇದರಿಂದ ನಾಲ್ಕು ಕಾಸು ನೋಡುವವರಿದ್ದಾರೆ. ನೀವು ಬಿಟ್ಟಿ ಮಾಡಿದರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ. ‘ಈಗ ಯಾರು ಕರೆದುಕೊಂಡು ಹೋಗ್ತಿದ್ದಾರೆ?’ ಅಂತ ಮೊದಲೇ ಕೇಳಿ.

ಇನ್ನು ಅನುಮಾನದ ವಿಷಯ. ಪಡುತ್ತಾರೆ, ಪಡಲೂಬೇಕು. ಜಾತಿ ನಾಯಿಗಳನ್ನು ಕದಿಯುವವರಿದ್ದಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕುವುದಕ್ಕಿಂತ ಒಂದೇ ಮನೆಗೆ ಹೋಗಿ ಮಾತಾಡಿ. ಎಲ್ಲಿ ಇದ್ದೀರಿ, ಯಾವ ಕಾಲೇಜು ಅಂತ ಹೇಳಿ, ಐಡಿ ಕಾರ್ಡ್ ತೋರಿಸಿ. ‘ಅಂಕಲ್, ಮೊದಲು ಕೆಲವು ದಿನ ನಿಮ್ಮನೇಲೇ ಇವನ ಜೊತೆ ಕೂತು ಹೋಗ್ತೀನಿ, ನೀವು ಹೂಂ ಅಂದಮೇಲೆ ಹೊರಗೆ’ ಅನ್ನಿ. ನಾಯಿಗೂ ನಿಮ್ಮ ವಾಸನೆ ಗೊತ್ತಾಗುತ್ತದೆ. ರೇಬೀಸ್ ಇಂಜೆಕ್ಷನ್ ಯಾವಾಗ ಆಗಿದೆ, ಯಾವ ಡಾಕ್ಟರ್, ಯಾವುದಕ್ಕೆ ಹೆದರುತ್ತದೆ, ಹಿಂದೆ ಯಾರಿಗಾದರೂ ಕಚ್ಚಿದೆಯಾ, ಎಲ್ಲ ಕೇಳಿ. ಹೆಣ್ಣು ನಾಯಿ ಬೆದೆಗೆ ಬಂದಿದ್ದರೆ ಅಷ್ಟು ದಿನ ಬೇಡ ಅಂತ ಹೇಳಿಬಿಡಿ, ಇಡೀ ಬೀದಿಯ ಗಂಡು ನಾಯಿಗಳು ಹಿಂದೆ ಬರುತ್ತವೆ. ಒಂದು ಸಲಕ್ಕೆ ಒಂದೇ ನಾಯಿ. ಎರಡು ಜಗಳಕ್ಕೆ ಬಿದ್ದರೆ ಒಬ್ಬರ ಕೈಯಲ್ಲಿ ಬಿಡಿಸಲು ಆಗುವುದಿಲ್ಲ.

ನಮ್ಮೂರಿನಲ್ಲಿ ದೊಡ್ಡ ಕಷ್ಟ ಬೀದಿ ನಾಯಿಗಳದ್ದು. ಪ್ರತಿ ಕ್ರಾಸಿಗೂ ಒಂದು ಗುಂಪು, ಅವಕ್ಕೆ ಅವುಗಳದ್ದೇ ಗಡಿ. ನನ್ನ ಉಪಾಯ ಹೇಳುತ್ತೇನೆ. ನಾಯಿ ಇಲ್ಲದೆ ನೀವೊಬ್ಬರೇ ಮೊದಲು ಆ ದಾರಿಯಲ್ಲಿ ಓಡಾಡಿ. ಬೇಕರಿ ಹತ್ತಿರ ಮಲಗುವ ಕಂದು ನಾಯಿ ಯಾವುದು, ಟ್ರಾನ್ಸ್‌ಫಾರ್ಮರ್ ಕೆಳಗೆ ಮರಿ ಹಾಕಿರುವ ತಾಯಿ ಯಾವುದು, ಗುರುತು ಮಾಡಿಕೊಳ್ಳಿ, ಮಾತಾಡಿಸಿ. ಆಮೇಲೆ ಸಾಕುನಾಯಿ ಜೊತೆ ಹೋದಾಗ ಅವು ನಿಮ್ಮನ್ನು ಗುರುತಿಸಿ ಒಂದೆರಡು ಸಲ ಬೊಗಳಿ ಸುಮ್ಮನಾಗುತ್ತವೆ. ಮರಿ ಇರುವ ಕಡೆ ಹೋಗಲೇಬೇಡಿ. ಗುಂಪು ಹತ್ತಿರ ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ಚೈನ್ ಗಟ್ಟಿಯಾಗಿ ಮೇಲಕ್ಕೆ ಎಳೆದರೆ ನಿಮ್ಮ ನಾಯಿಗೆ ಗಾಬರಿ ಜಾಸ್ತಿಯಾಗುತ್ತದೆ. ಅದನ್ನು ಇನ್ನೊಂದು ಪಕ್ಕಕ್ಕೆ ತಂದುಕೊಂಡು ಅದೇ ನಡಿಗೆಯಲ್ಲಿ ದಾಟಿ.

ಚೈನನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಬೆಕ್ಕು ಕಂಡು ನಾಯಿ ಹಾರಿದರೆ ಬೆರಳು ಮುರಿಯುತ್ತದೆ. ಚೈನಿನ ತುದಿಯ ಹಿಡಿಕೆಯೊಳಗೆ ಹೆಬ್ಬೆರಳು ತೂರಿಸಿ ಮುಷ್ಟಿ ಕಟ್ಟಿ. ಮುಧೋಳ ನಾಯಿಯಾದರೆ ಇನ್ನೂ ಹುಷಾರು. ಬೇಟೆಗೆಂದೇ ಬೆಳೆಸಿದ ತಳಿ, ಕಣ್ಣಿಗೆ ಏನಾದರೂ ಓಡುವುದು ಕಂಡರೆ ಸಾಕು. ಅದರ ತಲೆ ಸಣ್ಣದು, ಕತ್ತಿಗಿಂತ ಅಷ್ಟೇನೂ ಅಗಲವಿಲ್ಲ, ಸಾಮಾನ್ಯ ಬೆಲ್ಟ್ ತಲೆಯಿಂದ ಜಾರಿ ಕೈಯಲ್ಲಿ ಖಾಲಿ ಚೈನ್ ಉಳಿಯುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ಹಾಕಿಸಿ. ಪಗ್ ತರಹದ ಚಪ್ಪಟೆ ಮೂತಿಯ ನಾಯಿಗಳು ಸರಿಯಾಗಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಲಾರವು. ಮಾರ್ಚ್-ಏಪ್ರಿಲ್‌ನಲ್ಲಿ ಬಿಸಿಲು ಏರುವ ಮುಂಚೆ ಮುಗಿಸಿ. ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿ ಪಾದವೂ ಸುಡುತ್ತದೆ. ಮನೆಗೆ ಬಂದಮೇಲೆ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಇದೆಯಾ ನೋಡಿ. ಉಣ್ಣೆಯಿಂದ ಬರುವ ಜ್ವರ ನಾಯಿಯ ಜೀವವನ್ನೇ ತೆಗೆಯಬಹುದು.

ಹಳೇ ನ್ಯೂಸ್‌ಪೇಪರ್, ಒಂದು ಕವರ್ ಜೇಬಿನಲ್ಲಿ ಇರಲೇಬೇಕು. ಕಕ್ಕ ಪೇಪರಿನಲ್ಲಿ ಎತ್ತಿಕೊಂಡು ಬಂದು ಆ ಮನೆಯ ಟಾಯ್ಲೆಟ್‌ಗೆ ಹಾಕಿ, ಪೇಪರನ್ನು ಮಾತ್ರ ಕಸದ ಬುಟ್ಟಿಗೆ. ಬೀದಿಯಲ್ಲಿ ಬಿಟ್ಟರೆ ಬೆಳಿಗ್ಗೆ ಅದನ್ನು ಗುಡಿಸುವುದು ಪೌರಕಾರ್ಮಿಕರು. ಅವರಿಗೆ ಆ ಕೆಲಸ ಹೊರಿಸುವ ಹಕ್ಕು ನಮಗಿಲ್ಲ. ರಂಗೋಲಿ ಹಾಕಿರುವ ಬಾಗಿಲ ಮುಂದೆ ಚೈನ್ ಗಿಡ್ಡ ಮಾಡಿ ಬೇಗ ದಾಟಿ. ಲಿಫ್ಟಿನಲ್ಲಿ ನಾಯಿ ಬೇಡ ಅಂತ ಅಸೋಸಿಯೇಷನ್‌ನವರು ಹೇಳಿದರೆ, ಹಾಗೆ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಆದರೂ ಒಳಗೆ ಹೆದರುವ ಮಗು ಇದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ.

ದುಡ್ಡು ತಗೊಂಡಿಲ್ಲ ಅಂದ ಮಾತ್ರಕ್ಕೆ ಜವಾಬ್ದಾರಿ ಕಮ್ಮಿ ಆಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಹೇಳುವುದು ಪ್ರಾಣಿ ಯಾರ ವಶದಲ್ಲಿದೆ ಅನ್ನುವುದರ ಬಗ್ಗೆ. ಅದರಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಚೈನ್ ನಿಮ್ಮ ಕೈಯಲ್ಲಿದ್ದಾಗ ‘ನಾಯಿ ನಂದಲ್ಲ’ ಅಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ನಿಮಗೋ ದಾರಿಹೋಕರಿಗೋ ಕಚ್ಚಿದರೆ, ಹಲ್ಲು ತರಚಿದರೂ ಸರಿ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಷ್ಟ. ನಾಯಿಗಳ ಜೊತೆ ದಿನಾ ಇರುವವರು ಮುಂಚೆಯೇ ಹಾಕಿಸಿಕೊಳ್ಳುವ ಲಸಿಕೆಯೂ ಇದೆ, ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ. ಹಾಕಿಸಿಕೊಂಡಿದ್ದರೂ ಕಚ್ಚಿದ ಮೇಲೆ ಮತ್ತೆ ಡೋಸ್ ಬೇಕಾಗುತ್ತದೆ.

ಬಿಟ್ಟಿ ಅಂದಮೇಲೆ ‘ಹಾಗೇ ಸ್ನಾನಾನೂ ಮಾಡಿಸಿಬಿಡಪ್ಪ’, ‘ಬರ್ತಾ ಹಾಲು ತಗೊಂಡ್ ಬಾ’ ಅಂತ ಶುರುವಾಗಬಹುದು. ಹಾಲು ತಂದುಕೊಟ್ಟರೆ ಏನೂ ಹೋಗುವುದಿಲ್ಲ, ಮಿಕ್ಕಿದ್ದಕ್ಕೆ ಆಗಲ್ಲ ಅಂತ ಪ್ರೀತಿಯಿಂದಲೇ ಹೇಳಿ. ದೀಪಾವಳಿಯ ಮೂರು ದಿನ ಸಂಜೆ ಬೇಡವೇ ಬೇಡ. ಒಂದು ಆಟಂಬಾಂಬಿಗೆ ಬೆದರಿ ಓಡಿಹೋದ ನಾಯಿಗಳು ಎಷ್ಟೋ ಸಿಕ್ಕೇ ಇಲ್ಲ.

ಕೊನೆಯದಾಗಿ, ದಿನಾ ಆಗದಿದ್ದರೆ ವಾರಕ್ಕೆ ಮೂರು ದಿನ ಅಂತಲೇ ಮಾತು ಕೊಡಿ, ಆ ಮೂರು ದಿನ ತಪ್ಪಿಸಬೇಡಿ. ನಾಯಿಗೆ ಹೊತ್ತು ಗೊತ್ತಾಗಿಬಿಡುತ್ತದೆ, ವಯಸ್ಸಾದವರೂ ನಿಮ್ಮನ್ನು ನೆಚ್ಚಿಕೊಂಡಿರುತ್ತಾರೆ. ಪರೀಕ್ಷೆ, ಊರಿನ ಹಬ್ಬ ಇದ್ದರೆ ಒಂದು ವಾರ ಮುಂಚೆ ಹೇಳಿ. ಡಿಗ್ರಿ ಮುಗಿಸಿ ಊರಿಗೆ ಹೊರಡುವಾಗ ಅದೇ ಬೀದಿಯ ಜೂನಿಯರ್ ಒಬ್ಬರನ್ನು ಹುಡುಕಿ ಆ ಮನೆಗೆ ಪರಿಚಯ ಮಾಡಿಸಿ. ಕೆಲವು ದಿನ ಜೊತೆಯಲ್ಲೇ ನಡೆದು, ನಾಯಿ ಒಪ್ಪಿಕೊಂಡಮೇಲೆ ಚೈನ್ ಅವರ ಕೈಗೆ ಕೊಡಿ.