20x40 ಶೆಡ್‌ನಲ್ಲಿ ಸಿಎನ್‌ಸಿ ಹಿಡಿಸುತ್ತಾ?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಹತ್ತಿರ 20x40 ಅಡಿಯ ಬಾಡಿಗೆ ಶೆಡ್‌ನಲ್ಲಿ ನಾಲ್ಕು ಜನ ಮರಗೆಲಸ ಮಾಡುತ್ತೇವೆ. ವಾರ್ಡ್‌ರೋಬ್, ಕಿಚನ್ ಆರ್ಡರ್ ಜಾಸ್ತಿ. ಆಗಾಗ ದೇವರ ಮನೆ ಬಾಗಿಲೂ ಬರುತ್ತದೆ. ಈಗ ಇರುವುದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಗರಗಸದ ಟೇಬಲ್ಲು, ರಂದಾ ಮೆಷಿನ್, ಕೈ ರೂಟರ್ ಅಷ್ಟೆ. ಸಾಲ ಮಾಡಿ, ಕಂಪ್ಯೂಟರ್ ಹೇಳಿದಂತೆ ತಾನೇ ಕೊಯ್ದು ಕೆತ್ತುವ ಸಿಎನ್‌ಸಿ ರೂಟರ್ ತರಬೇಕು ಅಂತಿದ್ದೇನೆ. ಸರಿನಾ? ಯಾವುದನ್ನು ಎಲ್ಲಿ ಇಡಲಿ?

ಉತ್ತರ: ಸಿಎನ್‌ಸಿ ಈಗ ಬೇಡ. ಮೊದಲು ಒಂದು ವಾರ ನಿಮ್ಮ ಹುಡುಗರ ಕೈ ಎಲ್ಲಿ ಸಿಕ್ಕಿಕೊಂಡಿರುತ್ತದೆ ಅಂತ ನೋಡಿ. ವಾರ್ಡ್‌ರೋಬ್ ಕೆಲಸದಲ್ಲಿ ಶೀಟು ಕತ್ತರಿಸುವುದು ಬೇಗ ಮುಗಿಯುತ್ತದೆ. ಹೊತ್ತು ತಿನ್ನುವುದು ಅಂಚು. ಗಮ್ ಹಚ್ಚು, ಟೇಪ್ ಅಂಟಿಸು, ಒಣಗಲಿ ಅಂತ ಕಾಯಿ, ಟ್ರಿಮ್ಮರ್ ಓಡಿಸು, ಆಮೇಲೆ ಉಜ್ಜು. ಹಾಗಾಗಿ ಮೊದಲ ಸಾಲ, ಅಂಚಿಗೆ ಟೇಪ್ ಅಂಟಿಸುವ ಮೆಷಿನ್ಗೆ, ಅಂದರೆ ಎಡ್ಜ್ ಬ್ಯಾಂಡರ್‌ಗೆ ಹೋಗಲಿ.

ಆದರೆ ಒಂದು ತೊಡಕಿದೆ. ವೆಲ್ಡಿಂಗ್ ಟೇಬಲ್ಲಿನಲ್ಲಿ ಕೊಯ್ದ ತುಂಡಿನ ಮೂಲೆಮಟ್ಟ ಸರಿ ಇರುವುದಿಲ್ಲ, ಕೆಳಗಡೆ ಮೈಕಾ ಚಕ್ಕೆ ಏಳುತ್ತದೆ. ಅಂಥ ಅಂಚಿಗೆ ಯಾವ ಮೆಷಿನ್ ಟೇಪ್ ಅಂಟಿಸಿದರೂ ಗೆರೆ ಕಾಣುತ್ತದೆ. ಶೀಟನ್ನು ಸರಿಯುವ ಗಾಡಿಯ ಮೇಲಿಟ್ಟು ಕೊಯ್ಯುವ ಸ್ಲೈಡಿಂಗ್ ಪ್ಯಾನೆಲ್ ಸಾನಲ್ಲಿ (ಸಾ ಅಂದರೆ ಗರಗಸ) ದೊಡ್ಡ ಬ್ಲೇಡಿನ ಮುಂದೆ ಒಂದು ಪುಟ್ಟ ಸ್ಕೋರಿಂಗ್ ಬ್ಲೇಡ್ ಇರುತ್ತದೆ. ಅದು ಉಲ್ಟಾ ತಿರುಗುತ್ತಾ ಒಂದೆರಡು ಮಿ.ಮೀ. ಆಳಕ್ಕೆ ಮೈಕಾ ಗೀರಿಕೊಂಡು ಹೋಗುತ್ತದೆ. ಹಿಂದೆ ಬರುವ ದೊಡ್ಡ ಬ್ಲೇಡು ಅದೇ ಗೀರಿನಲ್ಲಿ ಸಾಗುವುದರಿಂದ ಚಕ್ಕೆ ಏಳಲ್ಲ. ಪ್ಯಾನೆಲ್ ಸಾ, ಎಡ್ಜ್ ಬ್ಯಾಂಡರ್ ಎರಡೂ ಜೋಡಿಯಾಗಿ ಬಂದರೇನೇ ಲಾಭ.

ಇನ್ನು ಜಾಗ. 3,200 ಮಿ.ಮೀ. ಗಾಡಿಯ ಪ್ಯಾನೆಲ್ ಸಾ ಅಂದರೆ ಹತ್ತೂವರೆ ಅಡಿ ಮೆಷಿನ್ ಅಂದುಕೊಳ್ಳಬೇಡಿ. ಗಾಡಿ ಹಿಂದೆ ಮುಂದೆ ಪೂರ್ತಿ ಓಡಬೇಕು. ತುದಿಯಿಂದ ತುದಿಗೆ ಸುಮಾರು 22 ಅಡಿ. 20 ಅಡಿ ಅಗಲಕ್ಕೆ ಅಡ್ಡಡ್ಡ ಇಟ್ಟರೆ ಗೋಡೆಗೆ ಬಡಿಯುತ್ತದೆ, ಉದ್ದಕ್ಕೇ ಇಡಬೇಕು. ಶಟರ್ ಪಕ್ಕ ಶೀಟು ನಿಲ್ಲಿಸಿ, ಸಾ ಹಿಂಭಾಗದಲ್ಲಿರಲಿ. ಎದುರು ಗೋಡೆಗುಂಟ ಎಡ್ಜ್ ಬ್ಯಾಂಡರ್, ತುಂಡು ಹಿಂದಿನಿಂದ ಒಳಹೋಗಿ ಶಟರ್ ಕಡೆ ಹೊರಬರುವ ಹಾಗೆ. ಮೆಷಿನ್ 13 ಅಡಿ ಇದ್ದರೆ, 8 ಅಡಿ ತುಂಡಿಗೆ ಆ ಕಡೆ 8, ಈ ಕಡೆ 8, ಒಟ್ಟು 29 ಅಡಿ ಬೇಕು. ತುಂಡು ಯಾವ ಕಡೆಯಿಂದ ಒಳಗೆ ಹೋಗುತ್ತದೆ ಅನ್ನುವುದು ಮಾಡೆಲ್ ಮೇಲೆ. ಅದನ್ನು ಕೇಳಿಕೊಂಡೇ ಯಾವ ಗೋಡೆ ಅಂತ ತೀರ್ಮಾನಿಸಿ. ಮುಂದೆ ಉಳಿಯುವ ಜಾಗದಲ್ಲಿ ಜೋಡಣೆ.

ನೆಲದ ಮೇಲೆ ಸೀಮೆಸುಣ್ಣದಿಂದ ಇದನ್ನೆಲ್ಲ ಬರೆದು, ಒಂದು 8x4 ಶೀಟು ಹೊತ್ತು ತಿರುಗಿ ನೋಡಿ. ಸಿಎನ್‌ಸಿಗೆ ಜಾಗ ಎಲ್ಲಿದೆ ಅಂತ ಆಮೇಲೆ ನೀವೇ ಹೇಳಿ! ಈ ಶೆಡ್‌ನಲ್ಲಿ ಅದು ಬಂದರೆ ಸಾ ಹೋಗಬೇಕು, ಇಲ್ಲವೇ ಜೋಡಣೆ ಹೊರಗೆ ಹೋಗಬೇಕು.

ಕರೆಂಟಿನ ಲೆಕ್ಕವೂ ಇದೆ. ಬಿಟ್ ತಿರುಗಿಸುವ 9 ಕಿಲೋವ್ಯಾಟ್ ಸ್ಪಿಂಡಲ್, ಶೀಟನ್ನು ಹಿಡಿದಿಡುವ 7.5 ಕಿಲೋವ್ಯಾಟ್ ವ್ಯಾಕ್ಯೂಮ್ ಪಂಪು, 5 ಎಚ್‌ಪಿಯ ಧೂಳು ಎಳೆಯುವ ಮೆಷಿನ್ ಸೇರಿದರೆ ಸಿಎನ್‌ಸಿ ಒಂದಕ್ಕೇ ಸುಮಾರು 27 ಎಚ್‌ಪಿ. ಸಾ, ಬ್ಯಾಂಡರ್, ಕಂಪ್ರೆಸರ್‌ಗೂ ತ್ರೀ ಫೇಸ್ ಬೇಕು. ಅಡ್ವಾನ್ಸ್ ಕೊಡುವ ಮೊದಲು ಲೋಡ್ ಹೆಚ್ಚಿಸುವ ಬಗ್ಗೆ ಬೆಸ್ಕಾಂನಲ್ಲಿ ವಿಚಾರಿಸಿ. ಬಾಡಿಗೆ ಶೆಡ್ ಅಲ್ವಾ, ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಧೂಳಿನ ಮೆಷಿನ್ ಶೆಡ್ ಹೊರಗೆ, ಒಂದು ತಗಡಿನ ಮಾಡಿನ ಕೆಳಗಿರಲಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊಯ್ಯುವವರಂತೂ ಇದಕ್ಕೆ ಜುಗ್ಗತನ ಮಾಡಬಾರದು.

ಕೆತ್ತನೆ ಬಾಗಿಲನ್ನು ಸದ್ಯಕ್ಕೆ ಸಿಎನ್‌ಸಿ ಇರುವವರ ಹತ್ತಿರ ಜಾಬ್ ವರ್ಕ್‌ಗೆ ಕೊಡಿ. ಆ ಬಿಲ್ಲು ತಿಂಗಳಾ ತಿಂಗಳಾ ಸಿಎನ್‌ಸಿ ಕಂತಿನ ಹತ್ತಿರ ಬರತೊಡಗಿದಾಗ ದೊಡ್ಡ ಶೆಡ್ ಹುಡುಕಿ. ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್, ಕಟಿಂಗ್ ಲಿಸ್ಟ್ ಮಾಡುವುದನ್ನು ಒಬ್ಬ ಹುಡುಗನಿಗೆ ಕಲಿಸಿ. ಪ್ಲೈ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯುವ ಅಭ್ಯಾಸವೂ ಆಗಲಿ. 18 ಮಿ.ಮೀ. ಅಂತ ಅಚ್ಚಾದ ಶೀಟು ಅರ್ಧ ಮಿ.ಮೀ. ಕಮ್ಮಿ ಇರುವುದು ಮಾಮೂಲು. ಕೈಯಲ್ಲಿ ಮಾಡುವಾಗ ಅದು ಹೇಗೋ ನಡೆಯುತ್ತದೆ. ಸಿಎನ್‌ಸಿ ಮಾತ್ರ ಹೇಳಿದ ಅಳತೆಗೇ ತೋಡು ಹೊಡೆಯುತ್ತದೆ, ಜೋಡಿಸಿದರೆ ಎಲ್ಲ ಸಡಿಲ. ಬೆಂಗಳೂರಿನ ಮಲ್ಲೇಶ್ವರ 18ನೇ ಕ್ರಾಸ್‌ನ ಮರ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಮೆಷಿನ್‌ಗಳ ತರಬೇತಿ ಕೇಂದ್ರವಿದೆ, ಒಮ್ಮೆ ಹೋಗಿ ಬನ್ನಿ.

ಸಾಲದ ಮಾತು: 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಿಗುತ್ತದೆ. ಕಂಪ್ರೆಸರ್, ಧೂಳಿನ ಮೆಷಿನ್‌ಗೆ ಅದು ಒದಗುತ್ತದೆ. ದೊಡ್ಡ ಮೆಷಿನ್‌ಗೆ ಬ್ಯಾಂಕೇ ಗತಿ.

ಡೀಲರ್ ಹತ್ತಿರ ಹೋಗುವಾಗ ನಿಮ್ಮದೇ ಪ್ಲೈ, ನಿಮ್ಮದೇ ಟೇಪು ಒಯ್ಯಿರಿ. ಅವರ ಸ್ಯಾಂಪಲ್ ಯಾವಾಗಲೂ ಚೆನ್ನಾಗೇ ಬರುತ್ತದೆ. ಅಂಟಿಸಿದ ತುಂಡು ಪೂರ್ತಿ ತಣ್ಣಗಾದ ಮೇಲೆ ಟೇಪಿನ ತುದಿ ಹಿಡಿದು ಎಳೆಯಿರಿ. ಪ್ಲೈ ನಾರು ಕಿತ್ತು ಬಂದರೆ ಅಂಟು ಹಿಡಿದಿದೆ. ಟೇಪು ಸಲೀಸಾಗಿ ಬಿಟ್ಟುಬಂದರೆ ಬಿಸಿ ಹೆಚ್ಚು ಕಮ್ಮಿ ಮಾಡಿ ಇನ್ನೊಮ್ಮೆ ತೋರಿಸಿ ಅನ್ನಿ. ಆಗಲೂ ಬಿಟ್ಟುಬಂದರೆ ಬೇರೆ ಮೆಷಿನ್ ನೋಡಿ.