ಅಕ್ವೇರಿಯಂನಲ್ಲಿ ತಾನಾಗಿಯೇ ಕಾಣಿಸಿಕೊಂಡ ಏಡಿ ಯಾವುದು ಅಂತ ತಿಳಿಯುವುದು ಹೇಗೆ?

ಬೆಳಗಾವಿಯ ನಿಮ್ಮ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ನೀವು ತರದ ಏಡಿಯೊಂದು ಓಡಾಡುತ್ತಿದೆ, ಅಲ್ವಾ? ಬಣ್ಣ ಬಿಡಿ, ಇಕ್ಕಳದ ತುದಿ ನೋಡಿ. ಏಡಿ ಏನು ತಿನ್ನುತ್ತದೋ ಅದಕ್ಕೆ ತಕ್ಕ ಇಕ್ಕಳ ಇರುತ್ತದೆ. ಬಣ್ಣ ಒಂದೇ ಜಾತಿಯಲ್ಲೂ ಬೇರೆ ಬೇರೆ ಇರಬಹುದು.

ತುದಿ ಚಮಚದ ಹಾಗೆ ಗುಳಿಬಿದ್ದಿದ್ದರೆ ಅದು ಕಲ್ಲಿನ ಪಾಚಿ ಕೆರೆದು ತಿನ್ನುವಂಥದ್ದು. ಹಸಿರು ಎಮರಾಲ್ಡ್ ಏಡಿ ಹೀಗೆ. ದಪ್ಪ ಇಕ್ಕಳ, ಕಪ್ಪು ಚೂಪು ತುದಿ, ಕಾಲ ತುಂಬ ಕೂದಲು ಇದ್ದರೆ ಹುಷಾರು. ಅಂಥವು ಬಸವನಹುಳು, ಹವಳ, ನಿದ್ದೆಯಲ್ಲಿರುವ ಸಣ್ಣ ಮೀನನ್ನೂ ಹಿಡಿಯಬಹುದು.

ನನಗೆ ತುಂಬಾ ಇಷ್ಟವಾದದ್ದು ಪೋರ್ಸಲಿನ್ ಏಡಿ. ಬಾಯಿ ಹತ್ತಿರ ಎರಡು ಪುಟ್ಟ ಬೀಸಣಿಗೆ ಬಿಚ್ಚಿ, ಒಂದಾದ ಮೇಲೊಂದು ಬೀಸಿ, ನೀರಿನಲ್ಲಿ ತೇಲುವ ಆಹಾರ ಸೋಸುತ್ತದೆ. ಇಕ್ಕಳ ಬಿಟ್ಟರೆ ನಡೆಯುವ ಕಾಲು ಮೂರೇ ಜೊತೆ ಕಾಣುತ್ತವೆ. ಯಾರಿಗೂ ತೊಂದರೆ ಇಲ್ಲ, ಸುಮ್ನೆ ಇರಲಿ.

ಇವು ಸಾಮಾನ್ಯವಾಗಿ ಬರುವುದು ಲೈವ್ ರಾಕ್, ಅಂದರೆ ಸಮುದ್ರಜೀವಿಗಳು ಅಂಟಿಕೊಂಡ ಕಲ್ಲಿನ ಸಂದಿಯಲ್ಲಿ ಅಡಗಿಕೊಂಡು. ಹಗಲು ಹೊರಬರುವುದು ಕಡಿಮೆ. ರಾತ್ರಿ ದೀಪ ಆರಿಸಿ, ಟಾರ್ಚಿಗೆ ಕೆಂಪು ಹಾಳೆ ಸುತ್ತಿ ನೋಡಿ. ಕೆಂಪು ಬೆಳಕಿಗೆ ಅಷ್ಟಾಗಿ ಬೆದರುವುದಿಲ್ಲ. ಹಿಡಿಯಲೇಬೇಕಾದರೆ ಗಾಜಿನ ಲೋಟದಲ್ಲಿ ಸಿಗಡಿ ಚೂರು ಹಾಕಿ, ಕಲ್ಲಿಗೆ ಓರೆಯಾಗಿ ಒರಗಿಸಿಡಿ. ಸಿಕ್ಕಿದ್ದನ್ನು ಗೋವಾಕ್ಕೆ ಹೋದಾಗ ಸಮುದ್ರಕ್ಕೆ ಮಾತ್ರ ಬಿಡಬೇಡಿ, ಅದು ಯಾವ ಕಡಲಿನದೋ.