ಹಳೇ ಕ್ಯಾಸೆಟ್ ಎಸೆಯುವ ಮೊದಲು ಅದರ ನೆತ್ತಿ ನೋಡಿ

“ಎರಡು ಪೆಟ್ಟಿಗೆ ಕ್ಯಾಸೆಟ್ ಇದೆ, ಮನೆ ಬದಲಿಸ್ತಿದ್ದೀವಿ, ಹಾಡೆಲ್ಲ ಮೊಬೈಲಲ್ಲೇ ಸಿಗುತ್ತಲ್ಲ, ಎಸೆದರೆ ತಪ್ಪೇ” ಅಂತ ಕೇಳಿದ್ದೀರಿ. ಇದೇ ಮಾತು ಹೇಳಿಕೊಂಡು ಎಸೆದವನು ನಾನು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ಒಂದು ವರ್ಷ ಅಡಿಕೆಗೆ ಒಳ್ಳೇ ರೇಟು ಬಂದಾಗ ಅಪ್ಪ ಟೂ ಇನ್ ಒನ್ ತಂದರು. ರೇಡಿಯೊ ಅವರದು, ಟೇಪು ನಮ್ಮದು ಅಂತ ಒಪ್ಪಂದ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನಕ್ಕೆ ಬಂದರೆ ಪುಣ್ಯ, ಆಗ ದಪ್ಪ ಸೆಲ್ಲೇ ಗತಿ. ಅದೂ ಮುಗಿಯುತ್ತಾ ಬಂದರೆ ಬಿಸಿಲು ಬಿದ್ದ ಗಳಿಗೆ ನೋಡಿ ಅಂಗಳದಲ್ಲಿ ಒಣಹಾಕಿ, ಇನ್ನೆರಡು ಹಾಡು ಹಿಂಡುತ್ತಿದ್ದೆವು.

1992ರ ಬೇಸಿಗೆ ರಜೆಯಲ್ಲಿ ನಾನು, ಅಕ್ಕ ಸೇರಿ ಒಂದು ರೇಡಿಯೊ ಸ್ಟೇಷನ್ ಶುರು ಮಾಡಿದೆವು. ಮನೆಯಲ್ಲಿ ದಿನಾ ಕೇಳುತ್ತಿದ್ದುದು ಆಕಾಶವಾಣಿ ಭದ್ರಾವತಿ. ನಮ್ಮದು ಆಕಾಶವಾಣಿ ಅಟ್ಟ. ಅಕ್ಕ ಉದ್ಘೋಷಕಿ. ಕೋರಿಕೆಯ ಚಿತ್ರಗೀತೆಗಳು ಅಂತ ಶುರು ಮಾಡಿ, “ಈ ಗೀತೆಯನ್ನು ಬಯಸಿ ಪತ್ರ ಬರೆದವರು ಕೊಟ್ಟಿಗೆಯಿಂದ ಗೌರಿ, ಗಂಗೆ ಮತ್ತು ಕುಟುಂಬದವರು” ಎಂದು ಗಂಭೀರವಾಗಿ ಓದುತ್ತಿದ್ದಳು. ಹಾಡು ಹಾಕಲು ಇನ್ನೊಂದು ಟೇಪ್ ರೆಕಾರ್ಡರ್ ಎಲ್ಲಿಂದ ಬರಬೇಕು? ಹಾಡುವವನು ನಾನು, ಬಾಯಲ್ಲೇ ತಬಲಾ ಬಾರಿಸುವವನೂ ನಾನು. ಹಿಂದಿನ ವರ್ಷ ಬಂದಿದ್ದ ‘ರಾಮಾಚಾರಿ’ಯ ಹಂಸಲೇಖ ಹಾಡುಗಳಿಗೆ ನನ್ನ ಗಂಟಲಲ್ಲಿ ಆದ ಗತಿ ಕೇಳಬಾರದು. ನಡುವೆ ಅಜ್ಜಿ ಉಪ್ಪಿನಕಾಯಿ ಭರಣಿಗೆ ಅಟ್ಟ ಹತ್ತಿ ಬಂದು “ಎಂತ ಗಲಾಟೆ ಮಾರಾಯ್ತಿ ಇದು” ಅಂತ ಬೈದರೆ, ಅಕ್ಕ ತಡವರಿಸದೆ “ಈಗ ಪ್ರದೇಶ ಸಮಾಚಾರ” ಅಂದಿದ್ದಳು. ಸೆಲ್ ಇಳಿಯುತ್ತಾ ಹೋದಾಗ ರೆಕಾರ್ಡ್ ಮಾಡಿದ್ದರಿಂದ, ಕರೆಂಟಿನಲ್ಲಿ ಹಾಕಿದರೆ ಕೊನೆಕೊನೆಗೆ ನಮ್ಮ ದನಿ ಸೊಳ್ಳೆಯ ದನಿಯಾಗುತ್ತಿತ್ತು.

ಖಾಲಿ ಕ್ಯಾಸೆಟ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪನ ಒಂದು ಯಕ್ಷಗಾನದ ಕ್ಯಾಸೆಟ್ ಎತ್ತಿಕೊಂಡೆವು. ಆ ಪ್ರಸಂಗದ ಎರಡನೇ ಭಾಗ ಅಪ್ಪನಿಗೆ ಸೇರುತ್ತಿರಲಿಲ್ಲ, ಎ ಸೈಡ್ ಮುಗಿದರೆ ತೆಗೆದೇಬಿಡುತ್ತಿದ್ದರು. ಕಂಪನಿ ಕ್ಯಾಸೆಟ್ಟಿನ ಮೇಲೆ ಸುಮ್ಮನೆ ರೆಕಾರ್ಡ್ ಆಗುವುದಿಲ್ಲ ಅನ್ನೋದು ನಿಮಗೆ ನೆನಪಿರಬಹುದು. ಟೇಪು ಕಾಣುವ ಬದಿಯನ್ನು ಕೆಳಗೆ ಹಿಡಿದರೆ ಮೇಲಿನ ಅಂಚಿನ ಎರಡು ತುದಿಯಲ್ಲಿ ಎರಡು ಪುಟ್ಟ ಚೌಕಗಳಿರುತ್ತವೆ. ಅಲ್ಲಿ ಪ್ಲಾಸ್ಟಿಕ್ ತುಂಡು ಇದ್ದರೆ ರೆಕಾರ್ಡ್ ಬಟನ್ ಒತ್ತಬಹುದು, ಮುರಿದಿದ್ದರೆ ಬಟನ್ ಇಳಿಯುವುದೇ ಇಲ್ಲ. ಕಂಪನಿಯವರು ಮುರಿದೇ ಮಾರುತ್ತಿದ್ದರು. ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಮುಗಿಯಿತು, ಯಾವ ಕ್ಯಾಸೆಟ್ ಬೇಕಾದರೂ ನಿಮ್ಮದು. ಅಕ್ಕ ಕಾಪಿ ಪುಸ್ತಕದ ಮೂಲೆ ಹರಿದು ತುರುಕಿದ್ದಳು. ಹೊರಗಿನ ಚೀಟಿಯ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ, ಅಪ್ಪನಿಗೆ ಗೊತ್ತಾಗಬಾರದಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2014ರಲ್ಲಿ ಮನೆಯ ಹೆಂಚು ಇಳಿಸಿ ಮಾಡು ರಿಪೇರಿ ಮಾಡಿಸುವಾಗ ಅಟ್ಟ ಖಾಲಿ ಮಾಡಬೇಕಾಯಿತು. ಬೆಂಗಳೂರಿಂದ ಎರಡು ದಿನ ರಜೆ ಹಾಕಿ ಹೋಗಿದ್ದೆ. 143 ಕ್ಯಾಸೆಟ್. ನಾನು ಅಡ್ಡಾದಿಡ್ಡಿ ಎಸೆಯುವವನಲ್ಲ, ಅದೇ ಎಡವಟ್ಟಾಯಿತು. ಲ್ಯಾಪ್‌ಟಾಪ್ ತೆರೆದು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ: ಕ್ಯಾಸೆಟ್ ಹೆಸರು, ಹಾಡುಗಳು, ಇಂಟರ್ನೆಟ್ಟಿನಲ್ಲಿ ಇದೆಯೋ ಇಲ್ಲವೋ. ಹೆಸರು ಎಲ್ಲಿಂದ ತೆಗೆದುಕೊಂಡೆ? ಚೀಟಿಯಿಂದ. ಕೈಬರಹದ ಚೀಟಿ ಇದ್ದವನ್ನು ಜೋಪಾನವಾಗಿ ಬೇರೆ ಇಟ್ಟೆ. ಅಚ್ಚಾದ ಚೀಟಿ ಇದ್ದವು ಗುಜರಿಗೆ. ಪಕ್ಕದ ಮನೆಯವರ ಹಳೇ ಮಾರುತಿಯ ಸ್ಟೀರಿಯೊದಲ್ಲಿ ಒಂದೊಂದನ್ನೂ ಹತ್ತು ಸೆಕೆಂಡು ಹಾಕಿಯೂ ನೋಡಿದ್ದೆ, ಎ ಸೈಡು ಮಾತ್ರ. ಯಕ್ಷಗಾನದ್ದನ್ನು ಹಾಕಿದಾಗ ಭಾಗವತರ ದನಿ ಬಂತು, ಚೀಟಿಗೂ ದನಿಗೂ ತಾಳೆಯಾಯಿತು, ಪಟ್ಟಿಯಲ್ಲಿ ‘ಸಿಗುತ್ತದೆ’ ಅಂತ ಬರೆದೆ. ಅಂಚಿನಲ್ಲಿ ತುರುಕಿದ್ದ ಕಾಗದ ಕೈಗೆ ತಾಗಿರಲೇಬೇಕು. ಕಸ ಅಂದುಕೊಂಡಿರಬೇಕು. ಕೈಬರಹದ ಚೀಟಿ ಅಂತ ಇಷ್ಟು ಜೋಪಾನ ಮಾಡಿದ್ದೆನಲ್ಲ, ಅವುಗಳಲ್ಲಿ ಇದ್ದದ್ದು ಸಾಗರದ ರೆಕಾರ್ಡಿಂಗ್ ಅಂಗಡಿಯವನು ತುಂಬಿಸಿಕೊಟ್ಟ ಸಿನಿಮಾ ಹಾಡುಗಳು! ಅಸಲಿ ಮಾಲು ಅಚ್ಚಾದ ಚೀಟಿಯ ಒಳಗೆ ಕೂತಿತ್ತು.

ಗುಜರಿಯವನ ತಕ್ಕಡಿಯಲ್ಲಿ ಡಬ್ಬಿಸಮೇತ ಹತ್ತು ಕೆಜಿ ಚಿಲ್ಲರೆ ತೂಗಿತು. ಬಂದ ದುಡ್ಡಲ್ಲಿ ಪಕ್ಕದ ಮನೆಯವನ ಜೊತೆ ಮಸಾಲೆ ದೋಸೆ ತಿಂದೆ.

ಎರಡು ವರ್ಷದ ಮೇಲೆ ಅಕ್ಕ ಫೋನ್ ಮಾಡಿದಳು. ಅವಳ ಮಗಳು ಮೊಬೈಲ್ ಹಿಡಿದುಕೊಂಡು “ಹಾಯ್ ಫ್ರೆಂಡ್ಸ್” ಅಂತ ಒಬ್ಬಳೇ ಮಾತಾಡುವ ಆಟ ಆಡುತ್ತಿದ್ದಳಂತೆ.

“ತಮ್ಮಾ, ಆ ಯಕ್ಷಗಾನದ ಕ್ಯಾಸೆಟ್ ಇಟ್ಟಿದ್ದೀಯೇನೋ?”

“ಅದು ಪೂರ್ತಿ ಸಿಗುತ್ತಕ್ಕಾ, ಲಿಂಕ್ ಕಳಿಸ್ತೀನಿ ತಡಿ.”

“ಬಿ ಸೈಡು ಕಳಿಸು,” ಅಂದಳು.

ನನಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತೋ, ಅಷ್ಟು ಹೊತ್ತು ಅವಳೂ ಸುಮ್ಮನಿದ್ದಳು.

ಇನ್ನು ನಿಮ್ಮ ಪ್ರಶ್ನೆ. ಇಡಲೋ ಎಸೆಯಲೋ ಅನ್ನುವುದೇ ನನ್ನ ಪ್ರಕಾರ ತಪ್ಪು ಪ್ರಶ್ನೆ. ಕ್ಯಾಸೆಟ್ ಅಂದರೆ ಹಾಡು ಅಂದುಕೊಂಡು ಕೇಳುತ್ತಿದ್ದೀರಿ. ಹಾಡಿನ ವಿಷಯಕ್ಕೆ ಎಸೆಯಿರಿ, ನನ್ನದೇನೂ ತಕರಾರಿಲ್ಲ, ಮೊಬೈಲಿನಲ್ಲೇ ಚೆನ್ನಾಗಿ ಕೇಳುತ್ತೆ. ಕೆಫೆಗಳ ಗೋಡೆಗೆ ವಾಕ್‌ಮನ್ ನೇತುಹಾಕುವುದು, ಟೀ ಶರ್ಟಿನ ಮೇಲೆ ಕ್ಯಾಸೆಟ್ ಚಿತ್ರ, ‘ಪೆನ್ಸಿಲ್ಲಿಗೂ ಕ್ಯಾಸೆಟ್ಟಿಗೂ ಏನು ಸಂಬಂಧ ಹೇಳಿ ನೋಡೋಣ’ ಅನ್ನುವ ಫಾರ್ವರ್ಡು, ಇದೆಲ್ಲ ನನಗೆ ಆಗಿಬರುವುದಿಲ್ಲ. ಬ್ಯಾಗಿ ಪ್ಯಾಂಟ್ ಈಗ ವಾಪಸ್ ಬಂದಿದೆಯಂತೆ. 1995ರಲ್ಲಿ ಟೈಲರ್ ಹತ್ತಿರ ಹೊಲಿಸಿದ ಬ್ಯಾಗಿ ಹಾಕಿಕೊಂಡು ‘ಓಂ’ ನೋಡಲು ಹೋದಾಗಿನ ನನ್ನ ಫೋಟೊ ಮನೆಯಲ್ಲಿದೆ, ಒಮ್ಮೆ ನೋಡಿದವರಿಗೆ ಆ ದಶಕದ ಮೇಲಿನ ಮೋಹ ಇಳಿಯುತ್ತೆ. ಮಾರುವ ಯೋಚನೆ ಬಿಡಿ, ಕೊರಿಯರ್ ಖರ್ಚೂ ಹುಟ್ಟುವುದು ಕಷ್ಟ.

ನೀವು ಮಾಡಬೇಕಾದ್ದು ಇಷ್ಟು: ಚೀಟಿ ಓದಬೇಡಿ. ಪ್ರತಿಯೊಂದರ ನೆತ್ತಿ ನೋಡಿ. ಅಚ್ಚಾದ ಚೀಟಿಯ ಕ್ಯಾಸೆಟ್ಟಿನ ತೂತಿನಲ್ಲಿ ಕಾಗದ, ಹತ್ತಿ, ಸೆಲ್ಲೊ ಟೇಪು ಏನೇ ಇರಲಿ, ಯಾರೋ ಏನೋ ತುಂಬಿಸಲು ನೋಡಿದ್ದಾರೆ ಅಂತಲೇ ಅರ್ಥ. ಅವನ್ನು ಬೇರೆ ಇಡಿ, ಎರಡೂ ಸೈಡು ಪೂರ್ತಿ ಕೇಳಿ. ಅವಸರಕ್ಕೆ ಸಿಕ್ಕ ಪ್ಲೇಯರ್‌ಗೆ ಹಾಕಬೇಡಿ, ಟೇಪ್ ನುಂಗಿಬಿಡುತ್ತೆ. ಹಳೇ ಡೆಕ್ಕುಗಳ ರಬ್ಬರ್ ಬೆಲ್ಟು ಕರಗಿ ಅಂಟಾಗಿರುತ್ತೆ, ಮೊದಲು ಅದನ್ನು ಬದಲಿಸಬೇಕು. ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಟೇಪಿನ ಹಿಂದಿನ ಚಿಕ್ಕ ಮೆತ್ತೆ ಉದುರಿದ್ದರೆ ದನಿ ಮಂಕಾಗಿ ಬರುತ್ತೆ. ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ ಬಿಚ್ಚಿ ಅದರ ಗೂಡಿಗೆ ಸುರುಳಿ ಬದಲಿಸಬಹುದು. ಡೆಕ್ಕಿನ ಇಯರ್‌ಫೋನ್ ತೂತಿಂದ ಲ್ಯಾಪ್‌ಟಾಪಿಗೆ ವೈರು ಕೊಟ್ಟು ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು. ಅಡ್ಡದಾರಿ ಹುಡುಕಿ ನಾನು ಕೆಟ್ಟೆ.

ಡೆಕ್ ಸಿಗದಿದ್ದರೆ ಹೇಳಿ. ಅಕ್ಕನ ಫೋನು ಬಂದ ಮೇಲೆ ನಾನೊಂದು ಹುಡುಕಿ ತಂದು, ಬೆಲ್ಟ್ ಹಾಕಿಸಿ, ಹೆಡ್ ತೊಳೆದು ಇಟ್ಟಿದ್ದೇನೆ. ಹಾಕಿ ಕೇಳಲು ನನ್ನ ಹತ್ತಿರ ಏನೂ ಇಲ್ಲ.